ಅಧ್ಯಯನ ಟಿಪ್ಪಣಿ: ಸ್ತ್ರೀ ಜನನಾಂಗದ ಕ್ಯಾನ್ಸರ್ ಮತ್ತು ಜೊತೆ ನಿಲ್ಲುವ ಕೆಲಸ

ಪಠ್ಯದಲ್ಲಿ ಮುಖ್ಯವಾಗಿ ಐದು ಹೆಸರುಗಳಿವೆ: ಗರ್ಭಕೊರಳು (ಗರ್ಭಕೋಶದ ಬಾಯಿ), ಗರ್ಭಕೋಶ, ಅಂಡಾಶಯ, ಯೋನಿ ಮತ್ತು ಭಗದ (ಹೊರಗಿನ ಜನನಾಂಗದ) ಕ್ಯಾನ್ಸರ್. ಮಂಡ್ಯದ ಹಳ್ಳಿಗಳ ಮಾತಿನಲ್ಲಿ ಇವೆಲ್ಲವೂ ಸಾಮಾನ್ಯವಾಗಿ ‘ಗರ್ಭಚೀಲದ ತೊಂದರೆ’ ಎಂಬ ಒಂದೇ ಮಾತಿನಲ್ಲಿ ಅಡಗಿಬಿಡುತ್ತವೆ. ‘ಗರ್ಭಚೀಲ ತೆಗೆಸಿಯಾಗಿದೆ, ಇನ್ನೇನು ಭಯ’ ಎನ್ನುವ ಮಹಿಳೆಯ ಅಂಡಾಶಯಗಳನ್ನು, ಕೆಲವೊಮ್ಮೆ ಗರ್ಭಕೊರಳನ್ನೂ, ವೈದ್ಯರು ಹಾಗೆಯೇ ಉಳಿಸಿರಬಹುದು. ಆದ್ದರಿಂದ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತರಿಸಿ ಓದುವುದು ನಮ್ಮ ಮೊದಲ ಕೆಲಸ.

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗಾಗಿ ತುಂಬುವ ನಮೂನೆಯಲ್ಲಿ ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಎರಡು ಮುಟ್ಟಿನ ನಡುವಿನ ರಕ್ತಸ್ರಾವ, ಸಂಭೋಗದ ನಂತರದ ರಕ್ತಸ್ರಾವ ಮತ್ತು ದುರ್ವಾಸನೆಯ ಸ್ರಾವದ ಪ್ರಶ್ನೆಗಳಿವೆ. ಅಚ್ಚಾದಂತೆಯೇ ಓದಿದರೆ ಬಹುಪಾಲು ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅದೇ ಪ್ರಶ್ನೆಯನ್ನು ಗಂಡಸರಿಲ್ಲದ ಹೊತ್ತಿನಲ್ಲಿ, ಹಿತ್ತಿಲ ಕಡೆ ಕೂತು, ‘ನಿಂತ ಮೇಲೆ ಮತ್ತೆ ಏನಾದ್ರೂ ಕಾಣಿಸ್ಕಂತಾ ಅವ್ವ?’ ಎಂದು ಕೇಳಿದಾಗ, ‘ಹೋದ್ ತಿಂಗ್ಳು ಒಸಿ ಕಾಣಿಸ್ಕಂತು ಕನವ್ವ, ಉಷ್ಣ ಅಂತ ಸುಮ್ಕಾದೆ’ ಎಂಬ ಉತ್ತರ ಹೊರಬೀಳುವುದುಂಟು. ಈ ‘ಉಷ್ಣ’ ಎಂಬ ಪದದ ಬಳಿ ನಾವು ನಿಲ್ಲಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆ ಬೇಕೇ ಬೇಕು. ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚಾಗಿ ಹೀಗೆಯೇ ತನ್ನ ಸುಳಿವು ಕೊಡುತ್ತದೆ. ಅಂಡಾಶಯದ್ದು ಇಷ್ಟು ಸ್ಪಷ್ಟವಲ್ಲ. ವಾರಗಟ್ಟಲೆ ಬಿಡದ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಅವಸರವಾಗುವುದು ಇವನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಲಾಗುತ್ತದೆ. ಸಾಮಾನ್ಯ ಅಪಾಯದ ಮಹಿಳೆಯರಲ್ಲಿ ಇದನ್ನು ಮುಂಚಿತವಾಗಿ ಹಿಡಿಯುವ, ನೆಚ್ಚಬಹುದಾದ ತಪಾಸಣೆ ಇನ್ನೂ ಇಲ್ಲ.

ಗರ್ಭಕೊರಳಿನ ವಿಷಯ ಬೇರೆ. ಇದರ ಸುಮಾರು ಶೇ. 70ರಷ್ಟು ಪ್ರಕರಣಗಳ ಹಿಂದೆ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಾಣುವಿನ 16 ಮತ್ತು 18ನೇ ಬಗೆಗಳಿವೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುವುದರಿಂದ ನಡುವೆ ತಡೆಯಲು ಸಾಕಷ್ಟು ಕಾಲಾವಕಾಶವಿರುತ್ತದೆ. ಸರ್ಕಾರಿ ತಪಾಸಣೆಯಲ್ಲಿ ಗರ್ಭಕೊರಳಿಗೆ ವಿನಿಗರ್‌ನಲ್ಲಿರುವ ಆಮ್ಲದ ತೆಳು ದ್ರಾವಣವನ್ನು ಹಚ್ಚಿ, ಒಂದು ನಿಮಿಷ ಕಾದು, ಬೆಳ್ಳಗಾಗುವ ಭಾಗವಿದೆಯೇ ಎಂದು ಕಣ್ಣಿನಿಂದಲೇ ನೋಡುತ್ತಾರೆ. ಬಿಳಿ ಕಂಡರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಈ ವಾಕ್ಯವನ್ನು ತಪಾಸಣೆಗೆ ಮೊದಲೇ ಹೇಳಿರದಿದ್ದರೆ ಆಕೆ ಹೆದರಿ ಮತ್ತೆ ಬಾರದೇ ಹೋಗಬಹುದು.

ಈಗ ನನ್ನ ದೃಷ್ಟಿಯಲ್ಲಿ ನಮ್ಮ ತರಗತಿಗಳು ಅತಿ ಕಡಿಮೆ ಮಾತಾಡುವ ಭಾಗ. ಮುಂದುವರಿದ ಗರ್ಭಕೊರಳಿನ ಕ್ಯಾನ್ಸರ್‌ಗೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ವಿಕಿರಣ ಕೊಡುತ್ತಾರೆ, ವಾರಕ್ಕೊಮ್ಮೆ ಕೀಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ), ಅನಂತರ ಒಳಗಿನಿಂದ ವಿಕಿರಣ. ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕು, ತಡವಾದಷ್ಟೂ ಫಲ ಕುಗ್ಗುತ್ತದೆ. ಮಳವಳ್ಳಿಯ ಕಡೆಯಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಬರಬೇಕಾದ ಮಹಿಳೆಗೆ ಇದು ಇಪ್ಪತ್ತೈದು ದಿನದ ಕೂಲಿ, ಇಪ್ಪತ್ತೈದು ಸಲ ಬಸ್ಸು, ಜೊತೆಗೆ ಬರುವವರ ಕೂಲಿ ಕೂಡ. ಕಬ್ಬು ಕಡಿಯುವ ಹಂಗಾಮು ಬಂದರೆ ಹದಿನೈದನೇ ದಿನಕ್ಕೇ ನಿಲ್ಲಿಸುವ ಮಾತು ಮನೆಯಲ್ಲಿ ಏಳುತ್ತದೆ. ಬೆಂಬಲ ಎಂದರೆ ಧೈರ್ಯದ ಮಾತಿಗಿಂತ ಮೊದಲು ಆ ಹದಿನಾರನೇ ದಿನ ಯಾರು ಜೊತೆಗೆ ಹೋಗುತ್ತಾರೆ ಎಂಬ ಏರ್ಪಾಡು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಆದರೆ ಬಸ್ಸಿನ ಖರ್ಚು ಮತ್ತು ತಪ್ಪಿದ ಕೂಲಿ ಆಕೆಯ ತಲೆಯ ಮೇಲೆಯೇ ಉಳಿಯುತ್ತವೆ. ಹಕ್ಕೊತ್ತಾಯ ಎಂಬ ದೊಡ್ಡ ಪದಕ್ಕೆ ನಾನು ಕಂಡುಕೊಂಡ ಅರ್ಥ ಈ ಕಂದಕವನ್ನು ಪಂಚಾಯಿತಿಯ ಸಭೆಯಲ್ಲಿ, ಸ್ವಸಹಾಯ ಸಂಘದ ಲೆಕ್ಕದಲ್ಲಿ ಎತ್ತಿ ಹೇಳುವುದು.

ವಿಕಿರಣದ ನಂತರ ಯೋನಿ ಕಿರಿದಾಗಬಹುದು, ಹಿಗ್ಗಿಸುವ ಸಾಧನವನ್ನು ನಿಯಮಿತವಾಗಿ ಬಳಸಬೇಕಾಗಬಹುದು. ಅಂಡಾಶಯ ತೆಗೆದವರಿಗೆ ಮೂವತ್ತೈದರಲ್ಲೇ ಮೈಬಿಸಿ, ನಿದ್ದೆಗೇಡು ಶುರುವಾಗಬಹುದು. ಇದನ್ನು ಗಂಡನೆದುರು ಹೇಳಲು ಆಕೆಗೆ ಸಂಕೋಚ, ವೈದ್ಯರಿಗೆ ಹೊತ್ತಿಲ್ಲ. ಭೇಟಿಯ ಕೊನೆಯ ಐದು ನಿಮಿಷವನ್ನು ಆಕೆಯೊಬ್ಬಳ ಜೊತೆಗೇ ಕಳೆಯುವಂತೆ ನಿಗದಿ ಮಾಡಿಕೊಳ್ಳಿ, ಜೊತೆಗೆ ಬಂದವರನ್ನು ಔಷಧಿ ತರಲು ಕಳುಹಿಸಿ.