ಅವ್ವ ಗುಡಿಸಿದ ಉಸುಕು

ಬಾದಾಮಿಯ ನಮ್ಮ ಹಳೆಯ ಮನೆ ಕೆಂಪು ಕಲ್ಲಿನದು. ಅವ್ವ ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಗೋಡೆಯ ಬುಡದಲ್ಲಿ ದಿನಾ ಒಂದಿಷ್ಟು ಉಸುಕು ಸಿಗುತ್ತಿತ್ತು. ಕಾಲಿಗೆ ಅಂಟಿಕೊಂಡು ಹೊರಗಿನಿಂದ ಬಂದದ್ದಲ್ಲ, ಗೋಡೆಯೇ ಉದುರಿಸಿದ್ದು. "ಕಲ್ಲಿಗೂ ಮುಪ್ಪ ಬರ್ತದ ತಮ್ಮಾ" ಎನ್ನುತ್ತಿದ್ದಳು. ಭೂವಿಜ್ಞಾನ ಓದಿದ ಮೇಲೂ ಆ ಮಾತಿನಲ್ಲಿ ತಿದ್ದುವಂಥದ್ದು ನನಗೆ ಏನೂ ಕಾಣಲಿಲ್ಲ.

ಗೋಡೆ ಎಲ್ಲೆಡೆ ಒಂದೇ ಸಮ ಉದುರುತ್ತಿರಲಿಲ್ಲ. ನೆಲಕ್ಕೆ ಹತ್ತಿದ ಮೊದಲ ಎರಡು ಸಾಲಿನ ಕಲ್ಲು ಹೆಚ್ಚು ಸವೆದಿದ್ದವು, ಅವುಗಳ ಮೇಲೆ ಬಿಳಿ ಪುಡಿಯೂ ಕಾಣುತ್ತಿತ್ತು. ಅದು ಉಪ್ಪು. ನೆಲದ ತೇವ ಬುನಾದಿಯಿಂದ ಕಲ್ಲಿನೊಳಗೆ ಏರುತ್ತದೆ, ಜೊತೆಗೆ ಮಣ್ಣಿನ ಉಪ್ಪನ್ನೂ ಕರಗಿಸಿ ತರುತ್ತದೆ. ಬಿಸಿಲಿಗೆ ನೀರು ಆರಿಹೋದಾಗ ಉಪ್ಪು ಕಲ್ಲಿನ ಸಣ್ಣ ರಂಧ್ರಗಳಲ್ಲೇ ಹರಳುಗಟ್ಟುತ್ತದೆ, ಬೆಳೆಯುವ ಹರಳು ಉಸುಕಿನ ಕಾಳುಗಳನ್ನು ಒಂದೊಂದಾಗಿ ಆಚೆ ದೂಡುತ್ತದೆ. ಶಾಲೆಯ ಪುಸ್ತಕಗಳಲ್ಲಿ ಶಿಥಿಲೀಕರಣದ, ಅಂದರೆ ಕಲ್ಲು ಇದ್ದಲ್ಲೇ ಸಡಿಲಾಗಿ ಒಡೆಯುವುದರ ಪಾಠಕ್ಕೆ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಬಂಡೆ ಸೀಳುವ ಚಿತ್ರ ಹಾಕಿರುತ್ತಾರೆ. ಹಿಮವನ್ನೇ ಕಾಣದ ನಮ್ಮ ಸೀಮೆಯ ಮಕ್ಕಳಿಗೆ ಇಂಥ ಒಂದು ಹಳೆಯ ಗೋಡೆಯನ್ನು ತೋರಿಸಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಊರಿನ ಕೆರೆ ಅಗಸ್ತ್ಯ ತೀರ್ಥದ ಸುತ್ತಲಿನ ಗುಡ್ಡದಲ್ಲೂ ಇದೇ ಕೆಲಸ ನಡೆದಿದೆ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗಿಯೇ ನೆಲಕ್ಕೆ ಬೀಳುತ್ತದೆ. ಕಡಿದಾದ ಬಂಡೆಗಳ ನೆಟ್ಟನೆಯ ಬಿರುಕುಗಳಲ್ಲಿ ಅದು ಇಳಿಯುತ್ತದೆ, ಅದರ ಹಿಂದೆಯೇ ಅರಳಿ, ಆಲದ ಬೇರೂ ಇಳಿಯುತ್ತದೆ. ಬೇರು ದಪ್ಪವಾದಷ್ಟೂ ಬಿರುಕು ಅಗಲವಾಗುತ್ತದೆ.

ಅವ್ವ ಗುಡಿಸಿದ ಉಸುಕಿನ ಒಂದು ಕಾಳನ್ನು ಒಮ್ಮೆ ಭೂತಗನ್ನಡಿಯಲ್ಲಿಟ್ಟು ನೋಡಿದೆ. ಗಾಜಿನಂಥ ಬೆಣಚು (ಕ್ವಾರ್ಟ್ಜ್), ಮೇಲೆ ಕಬ್ಬಿಣದ ತುಕ್ಕಿನ ತೆಳು ಕೆಂಪು ಸಿಪ್ಪೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಆಕಾರ. ಮೂಲೆಗಳೆಲ್ಲ ಸವೆದು ಗುಂಡಗಾಗಿತ್ತು. ಗೋಡೆಯಿಂದ ನಿನ್ನೆಯೋ ಮೊನ್ನೆಯೋ ಬಿದ್ದ ಕಾಳು ಗುಂಡಗಾಗಲು ಹೊತ್ತೆಲ್ಲಿ ಸಿಕ್ಕಿತು? ಕಲ್ಲಾಗುವ ಮೊದಲೇ ಅದು ಉಸುಕಾಗಿತ್ತು, ಎಲ್ಲೋ ಒಂದು ಹೊಳೆಯಲ್ಲಿ ಬಹಳ ದೂರ ಉರುಳಿತ್ತು.

ಬಾದಾಮಿಯ ಕಲ್ಲು ಹುಟ್ಟಿದ್ದೇ ಹಾಗೆ. ಗಿಡಮರಗಳು ನೆಲಕ್ಕೆ ಬರುವುದಕ್ಕೂ ಕೋಟ್ಯಂತರ ವರ್ಷ ಮೊದಲಿನ ಮಾತು ಅದು. ಬೇರು ಹಿಡಿದು ನಿಲ್ಲಿಸದ ಬೋಳು ನೆಲದ ಮೇಲೆ ಮಳೆ ಸುರಿಯುತ್ತಿತ್ತು. ಗ್ರಾನೈಟಿನಂಥ ಹಳೆಯ ಬಂಡೆಗಳು ಶಿಥಿಲವಾದಾಗ ಅವುಗಳಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ ತೇಲಿಹೋಯಿತು, ಬೆಣಚು ಕರಗದೆ ಉಳಿಯಿತು. ಆ ಬೆಣಚಿನ ಕಾಳುಗಳನ್ನು ಕವಲು ಕವಲಾಗಿ ಹರಡಿಕೊಂಡ ಹೊಳೆಗಳು ಪದರ ಪದರವಾಗಿ ಹಾಸಿದವು. ಪದರದ ಮೇಲೆ ಪದರ ಬಿದ್ದು, ಭಾರಕ್ಕೆ ಒತ್ತಿ, ನಡುವೆ ಸಿಲಿಕಾ ಗಾರೆಯಂತೆ ಬೆಸೆದು ಮರಳುಗಲ್ಲಾಯಿತು.

ಇದಕ್ಕೆ ಸಾಕ್ಷಿ ಗುಡ್ಡದಲ್ಲೇ ಇದೆ. ಹಾಸುಬಂಡೆಗಳ ಮೇಲೆ ಅಲ್ಲಲ್ಲಿ ಸಣ್ಣ ಅಲೆಗಳ ಸಾಲು ಕಾಣುತ್ತದೆ, ಬೇಸಿಗೆಯಲ್ಲಿ ಬತ್ತಿದ ಹಳ್ಳದ ಉಸುಕಿನ ಮೇಲೆ ಕಾಣುವಂಥದ್ದೇ. ಒಂದು ಅಲೆಯ ಮೇಲೆ ಬೆರಳು ಆಡಿಸಿ ನೋಡಿ. ಒಂದು ಮಗ್ಗುಲು ನಿಧಾನ ಏರುತ್ತದೆ, ಇನ್ನೊಂದು ಮಗ್ಗುಲು ಥಟ್ಟನೆ ಇಳಿಯುತ್ತದೆ. ನೀರು ಹರಿದದ್ದು ಆ ಕಡಿದಾದ ಮಗ್ಗುಲಿನ ಕಡೆಗೆ. ಯಾವ ಮನುಷ್ಯನೂ ಕಾಣದ ಹೊಳೆಯೊಂದು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದು ಬೆರಳ ತುದಿಗೆ ತಿಳಿಯುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇದೇ ಗುಡ್ಡದಲ್ಲಿ ಕೊರೆದ ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಚಾಲುಕ್ಯರ ಮಂಗಳೇಶನ ಶಿಲ್ಪಿಗಳು ಉಳಿ ಇಟ್ಟದ್ದು ಇಂಥ ಹೊಳೆಗಳು ಬಿಟ್ಟುಹೋದ ಉಸುಕಿನ ಮೇಲೆಯೇ.

ಈ ಭಾಗದ ಬಂಡೆಗಳನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯರು. 1876ರಲ್ಲಿ ಪ್ರಕಟವಾದ ಅವರ ವರದಿಯಿಂದಾಗಿ ನಮ್ಮ ಕಲಾದಗಿ ಊರಿನ ಹೆಸರು ಭೂವಿಜ್ಞಾನದಲ್ಲಿ ಈ ಶಿಲೆಗಳಿಗೆ ನಿಂತುಬಿಟ್ಟಿತು. ಕಲಾದಗಿ ಶಿಲೆಗಳಲ್ಲಿ ಕೆಳಗಿನವು ಮಡಿಚಿ ಓರೆಯಾಗಿವೆ, ಮೇಲಿನ ಬಾದಾಮಿ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಅಂದರೆ ಮೊದಲ ಪದರಗಳು ಮಡಿಚಿ ಎದ್ದು, ಸವೆದು ಸಪಾಟಾದ ಮೇಲೆ ಅವುಗಳ ಬೆನ್ನಿನ ಮೇಲೆ ಹೊಸ ಉಸುಕು ಬಂದು ಕೂತಿದೆ.

ಶಿಥಿಲೀಕರಣ ಕಲ್ಲನ್ನು ಬಿಡಿಸುತ್ತದೆಯಷ್ಟೆ, ಬಿಡಿಸಿದ್ದನ್ನು ಎತ್ತಿ ಒಯ್ಯುವುದು ಸವೆತ. ಬರೀ ನೀರಿಗೆ ಗಟ್ಟಿ ಬಂಡೆ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಅದು ಹೊತ್ತು ತರುವ ಉಸುಕು, ಗುಂಡುಗಲ್ಲುಗಳೇ ಅದರ ಹತಾರ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕದ ಘಟಪ್ರಭೆಯಾಗಲಿ, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡದ ಸಾಲನ್ನೇ ಸೀಳಿ ದಾಟಿದ ಮಲಪ್ರಭೆಯಾಗಲಿ, ಎರಡೂ ಇದೇ ಹತಾರ ಹಿಡಿದು ಬಂಡೆ ಕೊರೆದ ಹೊಳೆಗಳು.

ವಿಜಯಪುರದ ಕಡೆ ಹೋದರೆ ಕಥೆಯೇ ಬೇರೆ. ಅಲ್ಲಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಶಿಥಿಲವಾದಾಗ ಉಸುಕು ಉಳಿಯುವುದಿಲ್ಲ, ಬಹುಪಾಲು ಜೇಡಿಯೇ ಆಗುತ್ತದೆ. ಅದೇ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುತ್ತದೆ, ತೇವವನ್ನು ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುತ್ತದೆ. ಅಲ್ಲಿಯ ಡೋಣಿ ಹೊಳೆಯ ಸೀಮೆಯ ಬಗ್ಗೆ ಹೇಳುವ "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎಂಬ ಮಾತಿನ ಬೇರು ಆ ಕರಿಕಲ್ಲಿನಲ್ಲಿದೆ. ಆದರೆ ಒಡ್ಡು ಹಾಕದ ಎರೆಹೊಲದಿಂದ ಒಂದು ದೊಡ್ಡ ಮಳೆ ಕೊಚ್ಚಿಕೊಂಡು ಹೋಗುವ ಮಣ್ಣನ್ನು ಆ ಕಲ್ಲು ಮತ್ತೆ ತಯಾರಿಸಲು ತಲೆಮಾರುಗಳೇ ಬೇಕು. ಹಳ್ಳದ ನೀರು ಕಪ್ಪಾಗಿ ಹರಿಯುವುದನ್ನು ನೋಡಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಹೀಗೆ ಹೋದದ್ದು ಎಲ್ಲೋ ಇಳಿಯಲೇಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ನೀರು ಇಳಿದ ಮೇಲೆ ದಂಡೆಗುಂಟ ನಡೆದು ನೋಡಿದೆ. ಹೊಳೆಯ ಅಂಚಿಗೆ ಹತ್ತಿದ ಹೊಲದಲ್ಲಿ ಒರಟು ಉಸುಕು ಬಿದ್ದಿತ್ತು. ನಾಲ್ಕು ಹೊಲ ಆಚೆಗೆ ಬೆರಳಿಗೆ ಬೆಣ್ಣೆಯಂತೆ ಹತ್ತುವ ಮೆಕ್ಕಲು. ಮೊರದಲ್ಲಿ ಜೋಳ ಕೇರಿದಂತೆ ಹೊಳೆಯೂ ಕೇರುತ್ತದೆ. ಓಟ ತಗ್ಗಿದ ಕೂಡಲೇ ಭಾರದ್ದನ್ನು ಮೊದಲು ಕೈಬಿಡುತ್ತದೆ, ಹಗುರಾದದ್ದನ್ನು ಇನ್ನಷ್ಟು ದೂರ ಒಯ್ದು ನಿಂತ ನೀರಿನಲ್ಲಿ ಇಳಿಸುತ್ತದೆ. ಸಂಚಯನ ಅಂದರೆ ಇದೇ.

ಅವ್ವ ಗುಡಿಸಿದ್ದನ್ನು ಹಿತ್ತಲಿಗೆ ಚೆಲ್ಲುತ್ತಿದ್ದಳು. ಮಳೆ ಬಂದರೆ ಅದು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬಂದ ಹೊಳೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈಗ ಅಲ್ಲಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನಿಲ್ಲುತ್ತದೆ, ಹೊಳೆಯ ಓಟ ತಗ್ಗುತ್ತದೆ. ನಮ್ಮ ಗೋಡೆಯ ಒಂದಿಷ್ಟು ಕಾಳು ಅಲ್ಲಿ ಈಗಾಗಲೇ ತಳ ಸೇರಿರಬೇಕು, ಅವುಗಳ ಮೇಲೆ ಈ ಮಳೆಗಾಲದ ಹೂಳು ಬೀಳುತ್ತಿರಬೇಕು.