ಇಳಿಯುವ ಮುಂಚೆ ಗಾಳಿ ನೋಡಿ: ಗ್ಯಾಸ್ ಡಿಟೆಕ್ಟರ್ ನಡೆದು ಬಂದ ದಾರಿ

ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಮೇಲೆ ಬರಲಿಲ್ಲ, ಕಾಪಾಡಲು ಇಳಿದವನೂ ಬರಲಿಲ್ಲ. ಇಂಥ ಸುದ್ದಿ ಎಷ್ಟು ಸಲ ಓದಿದ್ದೇವೆ, ಅಲ್ವಾ? ಒಳಗಿನ ಗಾಳಿ ಹೇಗಿದೆ ಅಂತ ಮೊದಲೇ ತಿಳಿಯುವ ಉಪಾಯ ಇವತ್ತಿನದೇನಲ್ಲ.

1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕಲ್ಲಿದ್ದಲು ಗಣಿಗಾಗಿ ಒಂದು ದೀಪ ಮಾಡಿದರು. ಉರಿಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ. ಹಾಗಾಗಿ ಹೊರಗಿನ ಗ್ಯಾಸ್‌ಗೆ ಬೆಂಕಿ ಹತ್ತುವ ಭಯ ಕಡಿಮೆಯಾಯಿತು. ಬೆಂಕಿ ಹತ್ತುವ ಮೀಥೇನ್ ಗ್ಯಾಸ್ ಇದ್ದರೆ ಉರಿಯ ಮೇಲೆ ನೀಲಿ ಬೆಳಕು ಮೂಡುತ್ತಿತ್ತು. ಆಮ್ಲಜನಕ ತೀರಾ ಇಳಿದರೆ ದೀಪವೇ ಆರುತ್ತಿತ್ತು. ಬೆಳಕು ಕೊಡುವ ದೀಪವೇ ಗಾಳಿಯನ್ನೂ ಪರೀಕ್ಷಿಸುತ್ತಿತ್ತು.

ಆದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗ್ಯಾಸ್ ದೀಪಕ್ಕೆ ಸಿಗಲಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರು ಗಣಿಯೊಳಗೆ ಪುಟ್ಟ ಪ್ರಾಣಿಗಳನ್ನು ಒಯ್ಯಲು ಸಲಹೆ ಕೊಟ್ಟರು. ಮನುಷ್ಯರಿಗಿಂತ ಮೊದಲು ಅವು ಕುಸಿಯುತ್ತವೆ. ಬ್ರಿಟನ್‌ನಲ್ಲಿ 1986ರವರೆಗೂ ಕೆನರಿ ಹಕ್ಕಿಗಳು ಗಣಿಗೆ ಇಳಿದವು.

ಈಗಿನ ಯಂತ್ರ ಅಂಗೈಯಲ್ಲಿ ಹಿಡಿಸುತ್ತದೆ. ಆಮ್ಲಜನಕ, ಬೆಂಕಿ ಹತ್ತುವ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ನಾಲ್ಕನ್ನೂ ಒಟ್ಟಿಗೆ ಅಳೆಯುತ್ತದೆ. ಗಾಳಿಯಲ್ಲಿ ಸಹಜವಾಗಿ 20.9% ಆಮ್ಲಜನಕ ಇರುತ್ತದೆ. ಅದು 19.5%ಗಿಂತ ಇಳಿದರೆ ಸಾಮಾನ್ಯವಾಗಿ ಅಲಾರಾಂ ಹೊಡೆಯುತ್ತದೆ. ಹೈಡ್ರೋಜನ್ ಸಲ್ಫೈಡ್ ಕೂಡ ವಿಷದ ಗ್ಯಾಸ್, ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದು ಹೆಚ್ಚಾದಾಗ ಮೂಗಿಗೇ ಮಂಕು ಹಿಡಿಯುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಂಡವರು ಅಲ್ಲೇ ಸಿಕ್ಕಿಬೀಳುತ್ತಾರೆ. ನನ್ನ ಪ್ರಕಾರ ಮೂಗನ್ನು ನಂಬುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಯಂತ್ರವನ್ನು ಮ್ಯಾನ್‌ಹೋಲ್‌ನ ಬಾಯಿಯ ಹತ್ತಿರ ಸುಮ್ನೆ ಹಿಡಿದರೆ ಸಾಲದು. ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಅದಕ್ಕೇ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರೂ ಕಡೆ ನೋಡಬೇಕು.

ಈ ಯಂತ್ರಕ್ಕೂ ಮಿತಿಯಿದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್, 2020ರಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರೀನ್. ಅಂಥವನ್ನು ಗುರುತಿಸಿ ಅಳೆಯಲು ಬೇರೆ ಸೆನ್ಸರ್ ಬೇಕು. ಹಾಗಾಗಿ ಕೆಮಿಕಲ್ ಅವಘಡಕ್ಕೆ ಓಡುವ ಅಗ್ನಿಶಾಮಕ ಸಿಬ್ಬಂದಿಗೆ ನಾಲ್ಕು ಗ್ಯಾಸಿನ ಯಂತ್ರ ಒಂದೇ ಸಾಕಾಗುವುದಿಲ್ಲ.

ಮಲ ಹೊರುವ ಪದ್ಧತಿ ತಡೆಯಲು 2013ರಲ್ಲಿ ಬಂದ ಕಾನೂನಿನ ನಿಯಮಗಳು ಸುರಕ್ಷತಾ ಸಲಕರಣೆಗಳ ಪಟ್ಟಿಯಲ್ಲಿ ಗ್ಯಾಸ್ ಅಳೆಯುವ ಯಂತ್ರವನ್ನೂ ಸೇರಿಸಿವೆ. ಪಟ್ಟಿಯಲ್ಲಿದ್ದರೆ ಆಗಲಿಲ್ಲ, ಗುತ್ತಿಗೆದಾರ ಅದನ್ನು ಕಾರ್ಮಿಕನ ಕೈಗೆ ಕೊಡಬೇಕು. ಸೆನ್ಸರ್‌ಗಳು ಹಳತಾಗುತ್ತವೆ, ಬದಲಿಸಬೇಕು. ಬಳಸುವ ಮುಂಚೆ ಟೆಸ್ಟ್ ಗ್ಯಾಸ್ ತೋರಿಸಿ ಅಲಾರಾಂ ಹೊಡೆಯುತ್ತದೋ ಇಲ್ಲವೋ ನೋಡಬೇಕು. ಇಷ್ಟಾಗುವ ತನಕ ಯಾರನ್ನೂ ಇಳಿಸಬಾರದು.