ಕೊಯುನ್‌ಬಾಬಾ ನನ್ನ ಗಿಟಾರ್‌ನಲ್ಲಿ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದೇನೆ. ವಿಡಿಯೋದಲ್ಲಿ ನೋಡಿದ ಹಾಗೇ ಬೆರಳಿಟ್ಟರೂ ಕೊಯುನ್‌ಬಾಬಾ ನುಡಿಸುವಾಗ ಬರೀ ಅಪಸ್ವರ. ಗಿಟಾರ್ ಕೆಟ್ಟಿದೆಯಾ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಗಿಟಾರ್‌ಗೆ ಏನೂ ಆಗಿಲ್ಲ. ಶ್ರುತಿಯೇ ಬೇರೆ, ಅಷ್ಟೇ. ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ.

ಕೊಯುನ್‌ಬಾಬಾ ಎಂಬ ಈ ಗಿಟಾರ್ ಕೃತಿ ಬರೆದವರು ಕಾರ್ಲೋ ಡೊಮೆನಿಕೋನಿ. 1947ರಲ್ಲಿ ಇಟಲಿಯ ಚೆಸೇನಾದಲ್ಲಿ ಹುಟ್ಟಿದರು. ಬರ್ಲಿನ್‌ನಲ್ಲಿ ನೆಲೆಸಿದರು, ಇಸ್ತಾಂಬುಲ್‌ನಲ್ಲಿ ಪಾಠ ಹೇಳಿದರು. ಟರ್ಕಿಯ ಸಂಗೀತದ ಗುಂಗು ಅವರನ್ನು ಹಿಡಿದದ್ದು ಹಾಗೆ. ಅಲ್ಲಿನ ಕುರಿಗಾಹಿ ಸಂತನೊಬ್ಬನ ಹೆಸರನ್ನೇ ಈ ಕೃತಿಗೆ ಇಟ್ಟಿದ್ದಾರೆ. ಚಳ್ಳಕೆರೆ ಕಡೆಯ ಕಂಬಳಿ, ಕುರಿಮಂದೆ ಕಂಡವರಿಗೆ ಹೆಸರೇ ಹತ್ತಿರ ಅನಿಸೀತು.

ಮಾಮೂಲಿ ಗಿಟಾರ್ ಶ್ರುತಿ ದಪ್ಪ ತಂತಿಯಿಂದ ಶುರುವಾಗಿ ಇ, ಎ, ಡಿ, ಜಿ, ಬಿ, ಇ. ಇಲ್ಲಿ ಅದು ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಇ. ನಮ್ಮ ಲೆಕ್ಕದಲ್ಲಿ ಸ-ಪ-ಸ-ಪ-ಸ-ಗ, ಆ ಗಾಂಧಾರ ಕೋಮಲ. ಎಡಗೈ ಎಲ್ಲೂ ಒತ್ತದೆ ಸುಮ್ನೆ ಆರೂ ತಂತಿ ಮೀಟಿ ನೋಡಿ. ತಂಬೂರಿ ಕೇಳಿದ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ತಂತಿಯ ಮೇಲೆ ರಾಗ ಓಡುತ್ತಿದ್ದರೆ ಉಳಿದವು ತೆರೆದೇ ಮೊಳಗುತ್ತಿರುತ್ತವೆ. ಟರ್ಕಿಯ ಸಾಜ್ ಎಂಬ ತಂತಿವಾದ್ಯದ ನಾದ ಗಿಟಾರ್‌ಗೆ ಬರುವುದು ಹೀಗೆ. ಹಾಗಾಗಿ ಇಲ್ಲಿ ಶ್ರುತಿ ಬದಲಿಸುವುದು ಅಂದ್ರೆ ಬರೀ ತಯಾರಿ ಅಲ್ಲ, ಅರ್ಧ ಕೃತಿ ಅದರಲ್ಲೇ ಇದೆ ಅಂತ ನನಗನಿಸುತ್ತದೆ.

ಮಾಡುವುದು ಹೀಗೆ. ಮೊದಲು ಆರನೇ ತಂತಿಯನ್ನು, ಅಂದ್ರೆ ಎಲ್ಲಕ್ಕಿಂತ ದಪ್ಪದ್ದನ್ನು, ಟ್ಯೂನರ್ ಆ್ಯಪ್ ನೋಡಿಕೊಂಡು ಮೂರು ಫ್ರೆಟ್‌ನಷ್ಟು (ಫ್ರೆಟ್ ಅಂದ್ರೆ ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಇಳಿಸಿ. ಅದರ 7ನೇ ಫ್ರೆಟ್‌ನಲ್ಲಿ ಬರುವ ಸ್ವರವೇ ಐದನೇ ತಂತಿ. ಐದನೆಯದರ 5ನೇ ಫ್ರೆಟ್ ನಾಲ್ಕನೆಯದು, ನಾಲ್ಕರ 7ನೆಯದು ಮೂರನೆಯದು, ಮೂರರ 5ನೆಯದು ಎರಡನೆಯದು. ಎರಡರ 3ನೇ ಫ್ರೆಟ್ ಮೊದಲನೇ ತಂತಿಗೆ ಕೂಡಬೇಕು. ಮೊದಲನೆಯದನ್ನು ಮುಟ್ಟುವ ಹಾಗೇ ಇಲ್ಲ. ಬಿರಡೆ ನಿಧಾನವಾಗಿ ತಿರುಗಿಸಿ. ನೈಲಾನ್ ಹಿಗ್ಗುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ.

ನಿಮ್ಮ ಗಿಟಾರ್‌ದು ಸ್ಟೀಲ್ ತಂತಿಯಾ? ನಮ್ಮ ಆರ್ಕೆಸ್ಟ್ರಾಗಳಲ್ಲಿ ಅದೇ ಜಾಸ್ತಿ, ಅಲ್ವಾ. ಹಾಗಿದ್ರೆ ಮೂರನೇ, ಎರಡನೇ ತಂತಿಯನ್ನು ಮೇಲಕ್ಕೆ ಎಳೆಯಬೇಡಿ, ಪಟ್ ಅಂತ ಹರಿದೀತು. ಮೊದಲನೆಯದೂ ಸೇರಿ ಆರೂ ತಂತಿಗಳನ್ನು ಮೇಲೆ ಹೇಳಿದ ಶ್ರುತಿಗಿಂತ ಎರಡು ಫ್ರೆಟ್ ಕೆಳಗೆ ಇಟ್ಟುಕೊಳ್ಳಿ. ಆರನೆಯದು ತುಸು ಸಡಿಲವಾಗುತ್ತದೆ, ಬೆರಳ ಲೆಕ್ಕ ಮಾತ್ರ ಅದೇ. ಆದರೆ ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಲೇಬೇಡಿ. ಎಳೆತ ಜಾಸ್ತಿಯಾಗಿ ಬ್ರಿಡ್ಜ್ (ತಂತಿ ಕಟ್ಟುವ ಮರದ ಪಟ್ಟಿ) ಎದ್ದು ಬರಬಹುದು.

ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಕೊನೆಯ, ತುಂಬ ವೇಗದ ಪ್ರೆಸ್ಟೋ ಕಂಡು ಎಲ್ಲರೂ ಮರುಳಾಗುತ್ತಾರೆ, ಕೈ ಸುಸ್ತಾಗುವುದೂ ಅದರಲ್ಲೇ. ನೀವು ಮೊದಲನೇ ಭಾಗ, ಮಧ್ಯಮ ವೇಗದ ಮಾಡರಾಟೋದಿಂದ ಶುರು ಮಾಡಿ. ಕ್ಲಾಸಿಕಲ್ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ನುಡಿಸಿದ ರೆಕಾರ್ಡಿಂಗ್ ಇದೆ. ಅದರಲ್ಲಿ ರಾಗಕ್ಕಿಂತ ಹಿಂದೆ ಮೊಳಗುವ ತಂತಿಗಳ ಕಡೆ ಕಿವಿ ಕೊಡಿ. ನೀವು ನುಡಿಸುವಾಗ ಆ ಮೊಳಗು ನಡುವೆ ಕಡಿದರೆ, ಎಡಗೈ ಬೆರಳು ಪಕ್ಕದ ತಂತಿಗೆ ತಾಗುತ್ತಿದೆ ಅಂತ ಅರ್ಥ.